ಕಂಟ್ರೋಲ್ ಎಂದರೆ ಎದುರು ಲೆಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಸಮಾಜದಲ್ಲಿ ಇಂಗ್ಲಿಷ್ ಬಾರದ ಹಿರಿಯರ ಬಾಯಲ್ಲಿಯೂ ಕೆಲವು ಇಂಗ್ಲಿಷ್ ಶಬ್ದಗಳು ಸಲೀಸಾಗಿ ಓಡಾಡುತ್ತವೆ. "ಟ್ರಸ್ಟ್ ಅವರ ಕಂಟ್ರೋಲಿನಲ್ಲಿದೆ", "ಕಮಿಟಿಯಲ್ಲಿ ಪವರ್ ಇವರದೇ" ಎಂಬ ಮಾತುಗಳನ್ನು ಬಸದಿಯ ಅಂಗಳದಲ್ಲಿಯೇ ಕೇಳುತ್ತೇವೆ. ಹೇಳುವವರಿಗೆ ಸಂಕೋಚವಿಲ್ಲ, ಕೇಳುವವರಿಗೆ ಅಳುಕಿಲ್ಲ. ಎಲ್ಲವನ್ನೂ ತೊರೆದ ವೀತರಾಗನ ಬಾಗಿಲಲ್ಲಿ ಈ ಒಡೆತನದ ಭಾಷೆಗೆ ಏನು ಕೆಲಸ?

ಆ ಶಬ್ದಗಳ ಮೂಲವನ್ನಾದರೂ ನಾವು ವಿಚಾರಿಸಿದ್ದೇವೆಯೇ? ‘ಕಂಟ್ರೋಲ್’ ಎಂಬುದು ಮಧ್ಯಯುಗದ ಲ್ಯಾಟಿನ್ ಭಾಷೆಯ ‘ಕಾಂಟ್ರಾರೊಟುಲಸ್’ ಎಂಬ ಶಬ್ದದಿಂದ ಫ್ರೆಂಚಿನ ಮೂಲಕ ಬಂದುದು. ಒಬ್ಬನು ಬರೆದ ಲೆಕ್ಕದ ಸುರುಳಿಯನ್ನು ತಾಳೆ ನೋಡಲು ಇನ್ನೊಬ್ಬನು ಇಟ್ಟ ಎದುರು ಸುರುಳಿ ಎಂಬುದೇ ಅದರ ಅರ್ಥ. ‘ಟ್ರಸ್ಟ್’ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ ಶಬ್ದ, ಅರ್ಥ ನಂಬಿಕೆ. ‘ಆಥಾರಿಟಿ’ಯ ಲ್ಯಾಟಿನ್ ಬೇರಿಗೆ ಬೆಳೆಸುವುದು ಎಂಬ ಅರ್ಥವಿದೆ. ‘ಮಿನಿಸ್ಟರ್’ ಎಂದರೆ ಮೂಲದಲ್ಲಿ ಸೇವಕ. ಡಚ್ಚರಿಂದ ಬಂದ ‘ಬಾಸ್’ ಮಾತ್ರ ಆರಂಭದಿಂದಲೂ ಯಜಮಾನನೇ. ನಾವಾದರೋ ಎಲ್ಲ ಶಬ್ದಗಳಿಗೂ ಆ ಒಂದೇ ಅರ್ಥವನ್ನು ಹಚ್ಚಿ ಕುಳಿತಿದ್ದೇವೆ!

ಮೂಲಾರ್ಥ ಏನೇ ಇರಲಿ, ಇಂದಿನ ಬಳಕೆಯೇ ಮುಖ್ಯವಲ್ಲವೇ ಎನ್ನಬಹುದು. ಒಪ್ಪೋಣ. ಆದರೆ ಎದುರು ಲೆಕ್ಕದ ಅಗತ್ಯವನ್ನು ನಮ್ಮ ವರ್ತಕ ಬಾಂಧವರಿಗೆ ಲ್ಯಾಟಿನ್ ಕಲಿಸಬೇಕಾಗಿಲ್ಲ. ಅಂಗಡಿಯಲ್ಲಿ ಕಿರ್ದಿಗೂ ಖತಾವಣಿಗೂ ತಾಳೆಯಾಗದಿದ್ದರೆ ನಿದ್ರೆ ಬಾರದವರು, ಬಸದಿಯ ಲೆಕ್ಕ ಕೇಳಿದವರನ್ನು ಧರ್ಮದ್ರೋಹಿ ಎನ್ನುವುದು ಯಾವ ನ್ಯಾಯ?

"ಹಣ ಕೊಟ್ಟವರು ನಾವು, ದುಡಿದವರು ನಾವು" ಎಂಬ ಉತ್ತರ ಸಿದ್ಧವಿದೆ. ಅವರ ದುಡಿಮೆಗೆ ಸಮಾಜ ಕೃತಜ್ಞವಾಗಿರಬೇಕು, ನಿಜ. ಆದರೆ ಕೊಟ್ಟ ಮೇಲೂ ಹಿಡಿತ ಬಿಡದಿದ್ದರೆ ಅದು ದಾನವೆನಿಸದು, ಪರಿಗ್ರಹವೇ ಆಗುತ್ತದೆ. ವಸ್ತುವಿಗಿಂತ ಮಮತ್ವವೇ ಪರಿಗ್ರಹವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಪದವಿಯ ಮಮತ್ವಕ್ಕೆ ಅದು ವಿನಾಯಿತಿ ಕೊಟ್ಟಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಗಮನಿಸಿರಿ. ಐದೂ ನಮ್ಮ ಕೈಕೆಳಗಿರುವ ಜೀವಿಗಳ ಮೇಲೆ ನಾವು ನಡೆಸುವ ಅಧಿಕಾರದ ದೋಷಗಳೇ. ಜಿನನೆಂದರೆ ಗೆದ್ದವನು, ಅವನು ಗೆದ್ದುದು ತನ್ನನ್ನೇ ಹೊರತು ಅನ್ಯರನ್ನಲ್ಲ.

ಉದಾಹರಣೆಗೆ ದೂರ ಹೋಗಬೇಕಿಲ್ಲ. 1997ರಲ್ಲಿ ರಚನೆಯಾದ ಈ ಹಾವೇರಿ ಜಿಲ್ಲೆಯಲ್ಲಿಯೇ ಬಂಕಾಪುರವಿದೆ. ನೊಳಂಬಕುಲಾಂತಕನೆಂಬ ಬಿರುದು ಹೊತ್ತ ಗಂಗರ ಅರಸ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ರಾಜ್ಯವನ್ನು ತ್ಯಜಿಸಿ, ಅಲ್ಲಿಯೇ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಸ್ವೀಕರಿಸಿದನು. ಅರಸನು ಸಿಂಹಾಸನವನ್ನೇ ಬಿಟ್ಟ ನೆಲದಲ್ಲಿ ನಮಗೆ ಒಂದು ಕುರ್ಚಿ ಬಿಡುವುದು ಇಷ್ಟು ಕಷ್ಟವೇ?

ನಂಬಿಕೆ ಕೆಟ್ಟರೆ ಏನಾದೀತೆಂಬುದನ್ನು ಕಂಡಿದ್ದೇವೆ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದಾಗ ರೊಚ್ಚಿಗೆದ್ದ ರೈತರ ಆಕ್ರೋಶಕ್ಕೆ ಬ್ಯಾಡಗಿ ಎಪಿಎಂಸಿಯಲ್ಲಿ ಕಚೇರಿ, ವಾಹನಗಳು ಬೆಂಕಿಗೆ ಆಹುತಿಯಾದವು. ಬಸದಿಯಲ್ಲಿ ಅಪನಂಬಿಕೆ ಹಾಗೆ ಹೊತ್ತಿ ಉರಿಯುವುದಿಲ್ಲ. ಜನರು ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾರೆ; ಮೊದಲು ತರುಣರು, ಅನಂತರ ಅವರ ಮಕ್ಕಳು. ಆಮೇಲೆ ಕಂಟ್ರೋಲ್ ಇಡುವುದಾದರೂ ಯಾರ ಮೇಲೆ?

ಆದುದರಿಂದ ಪ್ರತಿಯೊಂದು ಟ್ರಸ್ಟಿನ ಮುಂದೆ ನಾಲ್ಕು ಬೇಡಿಕೆಗಳನ್ನಿಡುತ್ತೇವೆ. ದಶಲಕ್ಷಣ ಪರ್ವಕ್ಕೆ ಮುನ್ನ ವರ್ಷದ ಜಮಾಖರ್ಚನ್ನು ಶ್ರಾವಕ-ಶ್ರಾವಿಕೆಯರೆಲ್ಲರ ಎದುರು ಓದಬೇಕು. ಪ್ರಶ್ನಿಸುವ ಹಕ್ಕು ಶ್ರಾವಿಕೆಯರಿಗೂ ಸಮನಾಗಿರಬೇಕು. ಪದಾಧಿಕಾರಿಗಳ ಬಂಧುವಲ್ಲದವರೊಬ್ಬರು ಎದುರು ಲೆಕ್ಕ ಇಡಬೇಕು. ಅವಧಿ ಮುಗಿದವರು ಕೇಳಿಸಿಕೊಳ್ಳುವ ಮೊದಲೇ ಸ್ಥಾನ ಬಿಡಬೇಕು.

ಪರ್ವದ ಎರಡನೆಯ ದಿನ ಉತ್ತಮ ಮಾರ್ದವದ ಪೂಜೆ ಮಾಡುತ್ತೇವೆ. ಈ ವರ್ಷ ಆ ಪೂಜೆಯ ತಟ್ಟೆಯ ಪಕ್ಕದಲ್ಲಿ ಲೆಕ್ಕದ ಪುಸ್ತಕವನ್ನೂ ತೆರೆದಿಡೋಣ.