ಅಳೆಯುವುದಾದರೆ ನಮ್ಮ ಮನಸ್ಸನ್ನು ಅಳೆಯೋಣ

ಮನುಷ್ಯನ ಮನಸ್ಸು ಸದಾ ಒಂದೇ ಹದದಲ್ಲಿ ಇರುತ್ತದೆಂದು ಕುರ್‌ಆನ್ ಹೇಳುವುದಿಲ್ಲ. ಕೆಡುಕಿನ ಕಡೆಗೆ ಎಳೆಯುವ ಮನಸ್ಸಿನ ಮಾತು ಯೂಸುಫ್ ಅಧ್ಯಾಯದಲ್ಲಿ ಬರುತ್ತದೆ. ತಪ್ಪು ಮಾಡಿ ತನ್ನನ್ನೇ ದೂಷಿಸಿಕೊಳ್ಳುವ ಮನಸ್ಸು ಅಲ್ ಖಿಯಾಮಃ ಅಧ್ಯಾಯದಲ್ಲಿದೆ, ನೆಮ್ಮದಿ ಪಡೆದ ಮನಸ್ಸು ಅಲ್ ಫಜ್ರ್ ಅಧ್ಯಾಯದಲ್ಲಿದೆ. ಇವು ಮೂರು ಬಗೆಯ ಜನರಲ್ಲ, ಒಂದೇ ನಫ್ಸ್‌ನ (ಮನಸ್ಸಿನ) ಮೂರು ಸ್ಥಿತಿಗಳು ಎಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಹಾಗಾಗಿ ಯಾರ ಹಣೆಗೂ ಕಾಯಂ ಚೀಟಿ ಅಂಟಿಸಲು ಬರುವುದಿಲ್ಲ.

ಮನಸ್ಸನ್ನು ಅಳೆಯುವ ಕೆಲಸ ಇಸ್ಲಾಮಿಗೆ ಹೊಸದೂ ಅಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ 'ಇಹ್ಯಾ' ಗ್ರಂಥದಲ್ಲಿ ಮುಹಾಸಬ, ಅಂದರೆ ಆತ್ಮಪರಿಶೀಲನೆಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟರು. ವ್ಯಾಪಾರಿ ತನ್ನ ಪಾಲುದಾರನ ಜೊತೆ ಲೆಕ್ಕ ನೋಡುವಂತೆ ನಫ್ಸ್‌ನ ಜೊತೆ ಲೆಕ್ಕ ನೋಡಬೇಕು ಎಂಬುದು ಅವರ ವಿವರಣೆ. ಅವರಿಗಿಂತ ಮೊದಲೇ ಬಾಳಿದ ಅಬೂ ಝೈದ್ ಅಲ್ ಬಲ್ಖಿ (850–934) ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಆಪ್ತರ ಅಗಲಿಕೆಯಂಥ ಗೊತ್ತಿರುವ ಕಾರಣದಿಂದ ಬರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದರ ಬೇರು ದೇಹದಲ್ಲಿದೆ, ಅದಕ್ಕೆ ದೇಹಕ್ಕೂ ಚಿಕಿತ್ಸೆ ಬೇಕು ಎಂದರು. ಸಾವಿರ ವರ್ಷಗಳ ಹಿಂದೆಯೇ ಹೇಳಿದ ಈ ಮಾತು ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ.

ಓದುಗರೇ, ಖಿನ್ನತೆಯಲ್ಲಿರುವವರಿಗೆ "ಈಮಾನ್ ಗಟ್ಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಹೇಳುವುದನ್ನು ನೀವೂ ಕೇಳಿರಬಹುದು. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಕೇಳಿಸಿಕೊಂಡವರು ಆಮೇಲೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಮಗನ ಅಗಲಿಕೆಯಲ್ಲಿ ಪ್ರವಾದಿ ಯಾಕೂಬರ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎನ್ನುತ್ತದೆ ಕುರ್‌ಆನ್. ಪ್ರವಾದಿ ಮುಹಮ್ಮದರು (ಸ) ಪುಟ್ಟ ಮಗ ಇಬ್ರಾಹೀಮನ ಕೊನೆಗಳಿಗೆಯಲ್ಲಿ ಕಣ್ಣೀರಿಟ್ಟರು. ಅವರ ಈಮಾನಿಗೆ ಕೊರತೆಯಿತ್ತೆಂದು ಯಾರು ಹೇಳಿಯಾರು? ಆ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದಾಗ ದಯವಿಟ್ಟು ತಡೆದುಕೊಳ್ಳಿ. "ರಾತ್ರಿ ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ?" ಎಂದು ಕೇಳಿ.

ಗಝಾಲಿ ಹೇಳಿದ ಆ ಲೆಕ್ಕ ನೋಡಲು ಇಶಾ ನಮಾಝಿನ ಬಳಿಕ ಸ್ವಲ್ಪ ಹೊತ್ತು ನಿಮಗಾಗಿ ಇಟ್ಟುಕೊಳ್ಳಿ. ಇಂದು ಎಲ್ಲಿ ಸಿಟ್ಟು ಬಂತು, ಯಾರ ಮನಸ್ಸು ನೋಯಿತು, ಯಾರಿಗೆ ನೆರವಾದೆ ಎಂದು ನೋಡಿಕೊಳ್ಳಿ. ಒಳ್ಳೆಯದನ್ನೂ ಮರೆಯದೆ ಲೆಕ್ಕಕ್ಕೆ ತೆಗೆದುಕೊಳ್ಳಿ. ವ್ಯಾಪಾರಿ ನಷ್ಟವನ್ನಷ್ಟೇ ಬರೆದಿಡುವುದಿಲ್ಲ. ಆದರೆ ಎರಡು ವಾರ ಕಳೆದರೂ ಮಂಕು ಸರಿಯದಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ಒಬ್ಬರೇ ಹೊರಬೇಡಿ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರೇ ಹೇಳಿದ್ದಾರೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ಆಪ್ತಸಮಾಲೋಚಕರಲ್ಲಿಯೂ ಒಂದು ವಿನಂತಿ. ಪಾಶ್ಚಾತ್ಯ ಸಿದ್ಧಾಂತಗಳನ್ನು ಪರಿಶೀಲಿಸದೆ ಒಪ್ಪಿಕೊಳ್ಳಬೇಡಿ ಎಂದು ಸುಡಾನಿನ ಮನೋವಿಜ್ಞಾನಿ ಮಾಲಿಕ್ ಬದ್ರಿ 1979ರಲ್ಲೇ ಮುಸ್ಲಿಂ ಮನೋವಿಜ್ಞಾನಿಗಳನ್ನು ಎಚ್ಚರಿಸಿದ್ದರು. ಮುಂದೆ ಮುಸ್ಲಿಮರ ನಂಬಿಕೆ, ಆಚರಣೆಗಳನ್ನು ಗಮನಿಸುವ ಪ್ರಶ್ನಾವಳಿಗಳೂ ಬಂದವು. ಅವು ವೃತ್ತಿಪರರ ಕೈಯಲ್ಲಿ ನೆರವಿನ ಸಾಧನಗಳು, ಸೊಸೆಗೋ ಅಳಿಯನಿಗೋ ಅಂಕ ಕೊಡುವುದಕ್ಕಲ್ಲ. ನಿಮ್ಮ ಎದುರು ಕುಳಿತವರಿಗೆ ನಮಾಝಿನಿಂದ ಏನು ಸಿಗುತ್ತಿದೆ, ಏನು ಸಿಗುತ್ತಿಲ್ಲ ಎಂದು ತಾಳ್ಮೆಯಿಂದ ಕೇಳಿ.

ಈ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಊರಿನ ಖತೀಬರನ್ನು ಕಂಡು ಮಾತನಾಡಿ. ಯಾಕೂಬರ ದುಃಖದ ಬಗ್ಗೆ, ಬಲ್ಖಿಯವರ ಬಗ್ಗೆ ಒಂದು ದಿನ ಪ್ರವಚನ ಮಾಡುವಂತೆ ಕೇಳಿಕೊಳ್ಳಿ. 14416 ಎಂಬ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಸಲು ಜಮಾಅತಿನವರಿಗೂ ತಿಳಿಸಿ. ಅವರು ಬೇಡವೆನ್ನಲಾರರು ಎಂದು ನಾನು ನಂಬಿದ್ದೇನೆ.