ಗ್ರಹಣದ ಪಾಠದಲ್ಲಿ ನೋಡುಗ ಎಲ್ಲಿದ್ದಾನೆ?

ಬೋಧನಾಭ್ಯಾಸಕ್ಕೆ ಗ್ರಹಣದ ಪಾಠವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಕಡಿಮೆಯೇನಿಲ್ಲ. ಪಾಠಗಳು ಹೆಚ್ಚಾಗಿ ಒಂದೇ ಅಚ್ಚಿನವು: ಸೂರ್ಯ, ಚಂದ್ರ, ಭೂಮಿಯ ಬಣ್ಣದ ಚಾರ್ಟು, ಮೂರನ್ನೂ ಸೇರಿಸುವ ಗೆರೆ, ಕೊನೆಗೆ ವ್ಯಾಖ್ಯೆ. ಚಿತ್ರ ಅಂದವಾಗಿದ್ದರೆ ವೀಕ್ಷಕರ ಮೆಚ್ಚುಗೆಯೂ ಸಿಗುತ್ತದೆ. ಆದರೆ ಆ ಚಿತ್ರದಲ್ಲಿ ನೋಡುವವನೇ ಇಲ್ಲ. ಹೀಗಾಗಿ ಗ್ರಹಣವೆಂದರೆ ಸೂರ್ಯನಿಗೆ ಏನೋ ಆಗುವುದು ಎಂಬ ಭಾವನೆ ಮಗುವಿನಲ್ಲಿ ಉಳಿದುಬಿಡುತ್ತದೆ. ವ್ಯಾಖ್ಯೆ ಬಾಯಿಪಾಠವಾಗುತ್ತದೆ, ಭಯ ಮಾತ್ರ ಹೋಗುವುದಿಲ್ಲ.

ಇದಕ್ಕೆ ನಾನು ಸೂಚಿಸುವ ಉದಾಹರಣೆ ಅಪೊಲೊ 12. 1969ರ ನವೆಂಬರ್‌ನಲ್ಲಿ ಚಂದ್ರನಿಂದ ಮರಳುತ್ತಿದ್ದ ಕಾನ್ರಾಡ್, ಗಾರ್ಡನ್ ಮತ್ತು ಬೀನ್ ಸೂರ್ಯಗ್ರಹಣವನ್ನು ಕಂಡರು, 16 ಮಿ.ಮೀ. ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಹಿಡಿದರು. ಅಲ್ಲಿ ಸೂರ್ಯನನ್ನು ಮರೆಮಾಡಿದ್ದು ಚಂದ್ರನಲ್ಲ, ಭೂಮಿ. ಕಪ್ಪಾದ ಭೂಮಿಯ ಅಂಚಿನಲ್ಲಿ ವಾತಾವರಣ ತೆಳುವಾದ ಬೆಳಕಿನ ಗೆರೆಯಾಗಿ ಹೊಳೆಯಿತು. ಅಂದು ಭೂಮಿಯ ಮೇಲಿದ್ದ ಯಾರಿಗೂ ಗ್ರಹಣವಿರಲಿಲ್ಲ. ನೌಕೆ ಭೂಮಿಯ ನೆರಳಿನೊಳಗೆ ಸಾಗಿತ್ತು, ಅಷ್ಟೇ.

ಅದೇ ನೌಕೆಯಲ್ಲಿ ಇನ್ನೊಂದು ಕ್ಯಾಮೆರಾವೂ ಇತ್ತು. ಚಂದ್ರನ ಮೇಲೆ ಇಳಿದಿದ್ದ ಸರ್ವೇಯರ್ 3 ಎಂಬ ಮಾನವರಹಿತ ನೌಕೆಯಿಂದ ಅದನ್ನು ಬಿಚ್ಚಿ ತಂದಿದ್ದರು. 1967ರ ಏಪ್ರಿಲ್ 24ರಂದು ಭೂಮಿಯವರು ಚಂದ್ರಗ್ರಹಣ ನೋಡುತ್ತಿದ್ದಾಗ, ಆ ಕ್ಯಾಮೆರಾ ಚಂದ್ರನಿಂದ ಸೂರ್ಯಗ್ರಹಣದ ಚಿತ್ರ ತೆಗೆದಿತ್ತು. ನೆರಳು ಒಂದೇ, ನಿಂತ ಜಾಗ ಬೇರೆಯಾದ್ದರಿಂದ ಹೆಸರು ಎರಡು.

ಎಚ್ಚರಿಕೆಯ ಪಾಠವೂ ಇದೇ ಯಾನದಲ್ಲಿದೆ. ಚಂದ್ರನ ಮೇಲೆ ಇವರ ಬಣ್ಣದ ಟಿ.ವಿ. ಕ್ಯಾಮೆರಾ ಸೂರ್ಯನತ್ತ ತಿರುಗಿದ್ದರಿಂದ ಕೆಟ್ಟುಹೋಯಿತು. ಬರಿಗಣ್ಣಿನಿಂದ ಸೂರ್ಯನನ್ನು ಏಕೆ ನೋಡಬಾರದು ಎಂದು ಮಕ್ಕಳಿಗೆ ಹೇಳಲು ದೋಷ, ಶಾಪಗಳ ಮಾತು ಬೇಕಿಲ್ಲ.

ತರಗತಿಯಲ್ಲಿ ಇದನ್ನು ಮಾಡಲು ಹೆಚ್ಚಿನ ಸಾಮಗ್ರಿ ಬೇಡ. ಮೇಜಿನ ಮೇಲೆ ಕಣ್ಣು ಕುಕ್ಕದ ದುಂಡನೆಯ ಮಂದ ಬಲ್ಬು, ಅದಕ್ಕಿಂತ ಚಿಕ್ಕ ಚೆಂಡನ್ನು ಎದುರಿಗೆ ಹಿಡಿದ ಒಬ್ಬ ವಿದ್ಯಾರ್ಥಿ ಸಾಕು. ಉಳಿದವರು ಒಂದು ಕಣ್ಣು ಮುಚ್ಚಿಕೊಂಡು, ಬಲ್ಬು ಪೂರ್ತಿ ಮರೆಯಾಗುವ ಜಾಗವನ್ನು ತಾವೇ ನಡೆದು ಹುಡುಕಲಿ. ಪಕ್ಕಕ್ಕೆ ಸರಿದರೆ ಪಾರ್ಶ್ವ ಗ್ರಹಣ, ಹಿಂದೆ ಸರಿದರೆ ಬಳೆಯಂತಹ ಕಂಕಣ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಕಂಡಾಗ ಬೆಂಗಳೂರಿನಲ್ಲಿ ಪಾರ್ಶ್ವ ಗ್ರಹಣ ಮಾತ್ರ ಕಂಡದ್ದೇಕೆ ಎಂಬುದು ಆಗ ವಿವರಿಸದೆಯೇ ಹೊಳೆಯುತ್ತದೆ.

ನಲವತ್ತು ನಿಮಿಷದ ಅವಧಿಯಲ್ಲಿ ಇದೆಲ್ಲ ಸಾಧ್ಯವೇ, ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳಬಹುದು. ಚಾರ್ಟು ಬಿಡಿಸಲು, ನಕಲು ಮಾಡಿಸಲು ಹಿಡಿಯುವ ಸಮಯ ಇದಕ್ಕೆ ಧಾರಾಳವಾಗಿ ಸಾಕು. ಚಾರ್ಟು ಕೊನೆಗೆ ಬರಲಿ. ಆಗ ಅದು ಮಕ್ಕಳು ಕಂಡದ್ದರ ದಾಖಲೆಯಾಗುತ್ತದೆ. ಗೊಂದಲದ ಮಾತಿಗೆ ಬಂದರೆ, ಚೆಂಡಿನ ಹಿಂದೆ ತಾನೇ ನಿಂತು ನೋಡಿದ ಮಗುವಿಗಿಂತ, ಗೆರೆಯನ್ನಷ್ಟೇ ನಕಲು ಮಾಡಿದ ಮಗುವೇ ಹೆಚ್ಚು ಗೊಂದಲದಲ್ಲಿರುತ್ತದೆ.

ಪಾಠಯೋಜನೆಯ ಮೌಲ್ಯಮಾಪನ ಭಾಗದಲ್ಲಿ ಒಂದು ಪ್ರಶ್ನೆ ಸೇರಲಿ ಎಂಬುದು ನನ್ನ ಸಲಹೆ: ‘ನಮಗೆ ಚಂದ್ರಗ್ರಹಣವಾದಾಗ ಚಂದ್ರನ ಮೇಲೆ ನಿಂತವರಿಗೆ ಏನು ಕಾಣುತ್ತದೆ?’ ಇದಕ್ಕೆ ತನ್ನ ಮಾತಿನಲ್ಲಿ ಉತ್ತರಿಸಿದ ಮಗುವಿಗೆ ಗ್ರಹಣ ಅರ್ಥವಾಗಿದೆ. ಪಾಠವನ್ನು ಅಳೆಯಬೇಕಾದದ್ದು ಆ ಉತ್ತರದಿಂದ, ಚಾರ್ಟಿನ ಬಣ್ಣದಿಂದಲ್ಲ.