ಆಸ್ಪತ್ರೆಯಿಂದ ಮನೆಗೆ: ಮೊದಲ ವಾರದ ಹೊಣೆ ಯಾರದು?

ಎಪ್ಪತ್ತು ವರ್ಷ ತುಂಬಿದ ಎಲ್ಲ ಹಿರಿಯರಿಗೂ ಆದಾಯದ ಮಿತಿಯಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ ಯೋಜನೆ 2024ರ ಅಕ್ಟೋಬರ್‌ನಲ್ಲಿ ವಿಸ್ತರಿಸಿತು. ಮಹಾನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೂ ಇದು ದೊಡ್ಡ ಆಸರೆಯೇ. ಬಿಡುಗಡೆಯ ನಂತರದ 15 ದಿನಗಳ ಔಷಧಿಯ ವೆಚ್ಚವೂ ಅದರಲ್ಲಿ ಸೇರಿದೆ. ಆದರೆ ಮನೆಯ ಹತ್ತಿರದ ಕುಟುಂಬ ವೈದ್ಯರ ಶುಲ್ಕಕ್ಕೆ ಅಲ್ಲಿ ಸ್ಥಾನವಿಲ್ಲ. ಹಿರಿಯರು ಮತ್ತೆ ಆಸ್ಪತ್ರೆ ಸೇರುವ ಪ್ರಸಂಗ ಅನೇಕ ವೇಳೆ ಹುಟ್ಟುವುದು ಈ ಲೋಪದಲ್ಲಿಯೇ.

ಅಮೆರಿಕದ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬಿಡುಗಡೆಯಾದವರಲ್ಲಿ ಸುಮಾರು ಐದನೆಯ ಒಂದು ಭಾಗ 30 ದಿನಗಳೊಳಗೆ ಮರಳಿ ದಾಖಲಾಗಿತ್ತು. ಶಸ್ತ್ರಚಿಕಿತ್ಸೆಯಿಲ್ಲದೆ ಚಿಕಿತ್ಸೆ ಪಡೆದು ಹೀಗೆ ಮರಳಿದವರಲ್ಲಿ ಅರ್ಧದಷ್ಟು ಜನ ನಡುವೆ ಯಾವ ವೈದ್ಯರನ್ನೂ ಕಂಡ ದಾಖಲೆಯಿರಲಿಲ್ಲ. 2012ರಿಂದ ಅಲ್ಲಿ ಆಸ್ಪತ್ರೆಗಳಿಗೆ ದಂಡ ಬಿತ್ತು. ಅದರ ಫಲದ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ದಂಡಕ್ಕಿಂತ 2013ರ ಇನ್ನೊಂದು ಕ್ರಮವೇ ನಮಗೆ ಹೆಚ್ಚು ಉಪಯುಕ್ತವೆನಿಸುತ್ತದೆ: ಬಿಡುಗಡೆಯಾದ 2 ಕೆಲಸದ ದಿನಗಳೊಳಗೆ ರೋಗಿಯನ್ನು ಸಂಪರ್ಕಿಸಿ, 7 ಅಥವಾ 14 ದಿನಗಳೊಳಗೆ ಪರೀಕ್ಷಿಸುವ ವೈದ್ಯರಿಗೆ ಪ್ರತ್ಯೇಕ ಶುಲ್ಕ.

ಆ ಒಂದು ಭೇಟಿಯಲ್ಲಿ ಆಗುವುದೇನು? ಆಸ್ಪತ್ರೆಯವರು ಬರೆದ ರಕ್ತದೊತ್ತಡದ ಮಾತ್ರೆ ಮನೆಯ ಹಳೆಯ ಡಬ್ಬಿಯಲ್ಲಿ ಬೇರೆ ಕಂಪನಿಯ ಹೆಸರಿನಲ್ಲಿ ಮೊದಲೇ ಇರುತ್ತದೆ. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಾರೆ. ರಾತ್ರಿ ಬಚ್ಚಲಿಗೆ ಎದ್ದಾಗ ಒತ್ತಡ ಕುಸಿದು ಬಿದ್ದರೆ ಸೊಂಟದ ಮೂಳೆ ಮುರಿಯಿತು. ಹೃದಯ ದುರ್ಬಲವಾದವರ ತೂಕ ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಪುಷ್ಟಿಯಲ್ಲ, ದೇಹದಲ್ಲಿ ನಿಂತ ನೀರು. ಆಗಲೇ ವೈದ್ಯರು ಔಷಧಿಯ ಪ್ರಮಾಣ ಸರಿಪಡಿಸಿದರೆ ಎಷ್ಟೋ ವೇಳೆ ಐಸಿಯು ತಪ್ಪೀತು. ಉಪ್ಪಿನಕಾಯಿಯ ಭರಣಿ ಯಾವ ಕಪಾಟಿನಲ್ಲಿದೆಯೆಂದು ಕೂಡ ಬಲ್ಲವರು ಹಳೆಯ ಕುಟುಂಬ ವೈದ್ಯರು ಮಾತ್ರ!

ಅಂತಹವರು ನಮ್ಮ ನಗರಗಳಲ್ಲಿ ವಿರಳರಾಗುತ್ತಿದ್ದಾರೆ. ಇರುವವರ ಕೈಗೂ ಡಿಸ್ಚಾರ್ಜ್ ಪತ್ರ ತಲುಪುವುದಿಲ್ಲ. ಅದು ಕ್ಲೇಮಿಗಾಗಿ ಫೈಲಿನಲ್ಲಿ ಭದ್ರವಾಗಿರುತ್ತದೆ. ಅದರ ಒಂದು ಪ್ರತಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಚೀಲ, ಇವೆರಡನ್ನು ಮೊದಲ ವಾರದಲ್ಲೇ ಅವರ ಮುಂದಿಡಲು ಯಾವ ಸರ್ಕಾರದ ಆದೇಶವೂ ಬೇಡ. ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆಯ ಶಿಬಿರ ನಡೆಸುವ ನಮ್ಮ ಸಂಘಗಳು, ಮನೆಗೆ ಬಂದು ನೋಡಲೊಪ್ಪುವ ವೈದ್ಯರ ಪಟ್ಟಿಯೊಂದನ್ನು ಬಡಾವಣೆವಾರು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು.